ದ್ವೀಪದಲ್ಲಿ ನಿಧಾನ, ಐರೋಲಿಯಲ್ಲಿ ಜೋರು

ಐರೋಲಿ

ವಿದೇಶ ಸುತ್ತಿ ಬಂದವರು ಹಿಮ ನೋಡಿದೆ, ಅರಮನೆ ನೋಡಿದೆ ಎಂದು ಬರೆಯುತ್ತಾರೆ. ನಾನು ನಾರ್ವೆಗೆ ಹೋಗಿ ನೋಡಿದ್ದು ಹೆಚ್ಚಾಗಿ ಒಂದು ಮರಳು ಗಡಿಯಾರ. ಕಂಪ್ಯೂಟರು ಯೋಚನೆಯಲ್ಲಿದೆ, ಸ್ವಲ್ಪ ತಡೆಯಿರಿ ಎನ್ನಲು ಪರದೆಯ ಮೇಲೆ ಬಂದು ಕೂರುತ್ತದಲ್ಲ, ಅದೇ. ಐರೋಲಿಯ ನಮ್ಮ ಆಫೀಸಿನಲ್ಲಿ ನನ್ನ ಕೆಲಸವೇ ಆ ಗಡಿಯಾರವನ್ನು ಓಡಿಸುವುದು. ಯಾರದಾದರೂ ಪ್ರೋಗ್ರಾಮು ತೆವಳುತ್ತಿದೆ ಎಂದರೆ ನನ್ನನ್ನು ಕಳಿಸುತ್ತಾರೆ, ಮನೆಗೆ ಹಾವು ಹೊಕ್ಕರೆ ಹಾವು ಹಿಡಿಯುವವನನ್ನು ಕರೆಯುವ ಹಾಗೆ.

ಈ ಸಲದ ಹಾವು ನಾರ್ವೆಯ ಒಂದು ಮೀನು ಕಂಪೆನಿಯದು. ಅವರ ವ್ಯವಹಾರದ ಪ್ರೋಗ್ರಾಮು ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಕಪ್ಪು ಪರದೆ, ಹಸಿರು ಅಕ್ಷರ, ಮೌಸು ಎಂಬುದರ ಹಂಗೇ ಇಲ್ಲ. ಪಾಪ, ಚೆನ್ನಾಗಿಯೇ ದುಡಿಯುತ್ತಿತ್ತು. ಆಮೇಲೆ ಎಲ್ಲರ ಪ್ರೋಗ್ರಾಮೂ ಇಂಟರ್ನೆಟ್ಟಿನಲ್ಲಿ ಕಾಣುತ್ತದೆ, ನಮ್ಮದೂ ಕಾಣಲಿ ಎಂದು ಅವರಿಗೆ ಆಸೆಯಾಯಿತು. ನಮ್ಮ ಕಂಪೆನಿ ಅದಕ್ಕೊಂದು ಬಣ್ಣದ ವೆಬ್ ಅಂಗಿ ಹೊಲಿದು ಕೊಟ್ಟಿತು. ಒಳಗೆ ಅದೇ ಮುದುಕ, ಮೈಮೇಲೆ ಮಾತ್ರ ಮೊಮ್ಮಗನ ಜೀನ್ಸು. ಬೆರ್ಗೆನ್ ಪಟ್ಟಣದ ಮುಖ್ಯ ಕಚೇರಿಯವರು ಜಾಣರು, ಹಸಿರು ಪರದೆಯನ್ನು ಬಿಡಲೇ ಇಲ್ಲ. ಹೊಸ ಅಂಗಿ ಪಾಲಿಗೆ ಬಂದದ್ದು ಎರಡೇ ಕಡೆಯವರಿಗೆ: ದೂರದ ದ್ವೀಪವೊಂದರಲ್ಲಿದ್ದ ಅವರ ಪುಟ್ಟ ಕಚೇರಿಗೆ, ಮತ್ತು ಅವರ ಬಿಲ್ಲುಗಳನ್ನು ತುಂಬಿಸಿಕೊಡುವ ಐರೋಲಿಯ ನಮ್ಮ ಹುಡುಗಿಯರಿಗೆ. ಐರೋಲಿಯಲ್ಲಿ ಅದು ಜೋರಾಗಿ ಓಡುತ್ತಿತ್ತು. ದ್ವೀಪದಲ್ಲಿ ಕುಂಟುತ್ತಿತ್ತು.

ಯಾಕೆ ಎಂಬುದನ್ನು ನಮ್ಮ ಜೋಶಿ ಸಾಹೇಬರು ನಾನು ಹೊರಡುವ ಮೊದಲೇ ಕಂಡುಹಿಡಿದುಬಿಟ್ಟಿದ್ದರು. “ತಿಕಡಚೀ ಲೈನ್ ವೀಕ್ ಆಹೇ ಮ್ಯಾಡಂ. ಜಾಊನ್ ಬಘಾ, ಆಣಿ ತೇಚ್ ಲಿಹಾ” ಎಂದರು. ಅಲ್ಲಿಯ ಲೈನೇ ದುರ್ಬಲ, ಹೋಗಿ ನೋಡಿ, ಮತ್ತೆ ಅದನ್ನೇ ಬರೆಯಿರಿ. ನೋಡುವ ಮೊದಲೇ ಬರೆಯಬೇಕಾದ್ದು ತಿಳಿದಿದ್ದರೆ ನೋಡುವುದು ಯಾಕೆ ಎಂದು ನಾನು ಕೇಳಲಿಲ್ಲ. ಹಾಗೆ ಬರೆದರೆ ಬೆರ್ಗೆನ್ನಿನವರು ದ್ವೀಪದ ಕಚೇರಿಯನ್ನು ಮುಚ್ಚಿ ಅಲ್ಲಿಯ ಕೆಲಸವನ್ನೂ ಐರೋಲಿಗೇ ಕೊಡುವವರಿದ್ದರು. ಸಾಹೇಬರು ಆಗಲೇ ಕಿಟಕಿಯ ಪಕ್ಕ ಹೊಸ ಟೇಬಲುಗಳನ್ನು ಹಾಕಿಸಿ ಆಗಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ. ಆ ಟೇಬಲುಗಳಿಗೆಲ್ಲ ನನ್ನನ್ನೇ ಮೇಲಿನವಳನ್ನಾಗಿ ಮಾಡುವೆನೆಂದು ನನ್ನ ಮೂಗಿಗೂ ಸ್ವಲ್ಪ ತುಪ್ಪ ಸವರಿದರು. ಸುಳ್ಳೇಕೆ ಹೇಳಲಿ, ತುಪ್ಪ ಘಮಘಮ ಎನ್ನುತ್ತಿತ್ತು.

ಡೊಂಬಿವಲಿಯ ಮನೆಯಲ್ಲಿ ನನ್ನ ಗಂಡ ಸೂಟ್‌ಕೇಸಿನ ಒಳಗೆ ಒಂದು ಪೊಟ್ಟಣ ತುರುಕುತ್ತಿದ್ದರು. ನಾವು ಮಲ್ಪೆಯ ಕಡೆಯವರು, ಮನೆಯಲ್ಲಿ ತುಳು. ಮೀನಿಲ್ಲದ ಊಟ ನಮಗೆ ಉಪವಾಸಕ್ಕೆ ಸಮಾನ.

“ಅಲ್ಲಿ ಮೀನಿಗೇನು ಕಮ್ಮಿ ಇಲ್ಲ ಮಾರಾಯ್ತಿ. ಮೆಣಸಿನ ಹುಡಿ ಮಾತ್ರ ಸಿಗ್ಲಿಕ್ಕಿಲ್ಲ. ಇದೊಂದು ಇರ್ಲಿ” ಎಂದರು.

ಬೆರ್ಗೆನ್‌ನಿಂದ ದ್ವೀಪಕ್ಕೆ

ಬೆರ್ಗೆನ್ನಿನಲ್ಲಿ ಮಳೆ ಸುರಿಯುತ್ತಿತ್ತು. ಜುಲೈ ತಿಂಗಳಲ್ಲಿ ಡೊಂಬಿವಲಿ ಬಿಟ್ಟು ಮತ್ತೆ ಮಳೆಗೇ ಬಂದೆನಲ್ಲ ಎಂದು ಹಣೆ ಚಚ್ಚಿಕೊಂಡೆ. ಅಲ್ಲಿಂದ ಬಸ್ಸು, ಬಸ್ಸನ್ನೇ ಹೊತ್ತುಕೊಂಡು ಹೋಗುವ ಫೆರಿ, ಮತ್ತೆ ಬಸ್ಸು.

ಬಸ್ಸಿನಲ್ಲಿ ನನ್ನಿಂದ ಒಂದು ಅಪರಾಧ ನಡೆಯಿತು. ಇಬ್ಬರು ಕೂರುವ ಒಂದು ಸೀಟಿನಲ್ಲಿ ಅಜ್ಜನೊಬ್ಬ ಕೂತಿದ್ದ. ಪಕ್ಕದಲ್ಲಿ ಜಾಗವಿತ್ತು, ನಾನು ಹೋಗಿ ಕೂತೆ. ಅಷ್ಟೆ. ಅಜ್ಜ ನನ್ನನ್ನೊಮ್ಮೆ, ಖಾಲಿ ಬಿದ್ದಿದ್ದ ಇಡೀ ಬಸ್ಸನ್ನೊಮ್ಮೆ ನೋಡಿದ. ಮುಖ ಕೆಂಪಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿಯುವವನಂತೆ ಎದ್ದು ಬಾಗಿಲ ಬಳಿ ನಿಂತ. ಇಳಿಯಲಿಲ್ಲ. ನಾನು ಇಳಿಯುವ ತನಕ ನಿಂತೇ ಇದ್ದ. ಅಲ್ಲಿಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಸೀಟು, ನಡುವೆ ಗಾಳಿಯಾಡಲು ಒಂದು. ಲೋಕಲ್ ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಸೊಂಟ ಊರಿ ಡೊಂಬಿವಲಿಯಿಂದ ಠಾಣೆಯವರೆಗೆ ಹೋಗಿ, ಅದಕ್ಕೆ ಥ್ಯಾಂಕ್ಸ್ ಬೇರೆ ಹೇಳುವ ನನಗೆ ಇದು ಹೇಗೆ ತಿಳಿಯಬೇಕು?

ಇಂಗರ್

ದ್ವೀಪದ ಕಚೇರಿ ಎಂದರೆ ದೋಣಿ ನಿಲ್ಲುವ ಧಕ್ಕೆಯ ಮೇಲೆ ಒಂದು ಕೆಂಪು ಮರದ ಕೋಣೆ. ಅದರಲ್ಲಿ ಇಂಗರ್ ಒಬ್ಬಳೇ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ನನಗಿಂತ ಒಂದು ಮೊಳ ಎತ್ತರ. ಬಾಗಿಲಲ್ಲೇ ನನ್ನ ಶೂ ಬಿಚ್ಚಿಸಿ, ತಾನೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟಳು. ಚಪ್ಪಲಿ ಹೊರಗೆ ಬಿಡುವ ಜನ ಎಂದು ತಿಳಿದು ನನಗೆ ಅರ್ಧ ನೆಂಟಸ್ತಿಕೆಯೇ ಬೆಳೆದಂತಾಯಿತು.

ಅವಳು ಎಳೆದೆಳೆದು ಇಂಗ್ಲಿಷ್ ಮಾತಾಡುತ್ತಿದ್ದಳು. ಹೌದು ಎನ್ನಬೇಕಾದಾಗ ಮಾತ್ರ ಬಾಯಿ ತೆರೆದು “ಹಾ” ಎಂದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಮೊದಲ ಸಲ ಏನೋ ಕಚ್ಚಿತೆಂದು ಹೆದರಿ ಟೇಬಲಿನ ಕೆಳಗೆ ಬಗ್ಗಿ ನೋಡಿದೆ. ಎರಡನೆಯ ಸಲ ದಮ್ಮು ಇರಬೇಕೆಂದು ನೀರು ಕೊಟ್ಟೆ. ಅವಳು ಶಾಂತವಾಗಿ ನೀರು ಕುಡಿದು, ಇನ್ನೂ ಬೇಕಾ ಎಂದು ಕೇಳಿದ್ದಕ್ಕೆ ಮತ್ತೆ “ಹಾ” ಎಂದು ಉಸಿರೆಳೆದಳು. ಅಲ್ಲಿ ಹೌದು ಎನ್ನುವುದೇ ಹಾಗಂತೆ.

ಬೆಳಿಗ್ಗೆ ದೋಣಿಗಳು ಬಂದವು. ಮೀನು ತೂಕವಾಗಿ ಐಸಿನ ಪೆಟ್ಟಿಗೆ ಸೇರಿತು, ಲಾರಿ ತುಂಬಿತು. ಇನ್ನು ಇಂಗರ್ ಕಂಪ್ಯೂಟರಿನಲ್ಲಿ ವಿವರ ತುಂಬಿ ಕಾಗದ ತೆಗೆದುಕೊಟ್ಟರೆ ಲಾರಿ ಫೆರಿ ಹತ್ತಬಹುದು. ಅವಳು ಒಂದು ಬಟನ್ ಒತ್ತಿದಳು. ಮರಳು ಗಡಿಯಾರ ಬಂತು. ಕಾಫಿ ಕುಡಿದೆವು. ಗಡಿಯಾರ ಇತ್ತು. ಅವಳು ಇನ್ನೊಂದು ಕಾಲುಚೀಲದ ಹಿಮ್ಮಡಿ ಹೆಣೆದಳು. ಗಡಿಯಾರ ಇತ್ತು. ಫೆರಿ ಕೂಗಿ ಹೊರಟೇಹೋಯಿತು. ಲಾರಿಯ ಡ್ರೈವರ್ ಆರ್ನೆ ಕಿಟಕಿಯಿಂದ ಮುಖ ಹಾಕಿ ಏನೂ ಹೇಳದೆ ಹಿಂದಿರುಗಿದ. ನಮ್ಮ ಕಡೆಯವನಾಗಿದ್ದರೆ ಅವಳ ಏಳು ತಲೆಮಾರನ್ನೂ ನೆನೆಯುತ್ತಿದ್ದ.

“ದಿನಾ ಹೀಗೆಯಾ?” ಎಂದೆ.

“ದಿನಾ. ಮಧ್ಯಾಹ್ನದ ನಂತರ ಓಡುತ್ತದೆ. ಆಗ ದೋಣಿಯೂ ಇರುವುದಿಲ್ಲ, ಫೆರಿಯೂ ಇರುವುದಿಲ್ಲ” ಎಂದಳು. ಆಮೇಲೆ ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು: “ಈ ಕೆಲಸ ನಿಮ್ಮ ಊರಿಗೆ ಹೋಗುತ್ತದಂತೆ, ಹೌದಾ? ಇದು ಹೋದರೆ ನನಗೆ ದ್ವೀಪದಲ್ಲಿ ಬೇರೆ ಕೆಲಸ ಇಲ್ಲ. ಮನೆ ಮಾರಿ ಬೆರ್ಗೆನ್ನಿಗೆ ಹೋಗಬೇಕು. ಅಲ್ಲಿ ನಾನು ಯಾರು?”

ಅವಳ ಹಾಗೆ ಉಸಿರೆಳೆದು ಹೌದು ಎನ್ನಲೂ ನನ್ನಿಂದ ಆಗಲಿಲ್ಲ. ಇನ್ನೂ ಗೊತ್ತಿಲ್ಲ, ನೋಡೋಣ ಎಂದೆ. ಮೂಗಿನ ತುದಿಯ ತುಪ್ಪ ಸ್ವಲ್ಪ ಕಮಟು ಹೊಡೆಯತೊಡಗಿತು.

ಬೇಟೆ

ಮೊದಲು ಲೈನನ್ನೇ ಪರೀಕ್ಷಿಸಿದೆ. ದ್ವೀಪದಿಂದ ಬೆರ್ಗೆನ್ನಿಗೆ ಮಾತು ಹೋಗಿ ಬರುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನಮ್ಮ ಡೊಂಬಿವಲಿಯ ಮನೆಯ ಇಂಟರ್ನೆಟ್ಟು ಅದನ್ನು ಕಂಡರೆ ನಾಚಿ ನೀರಾಗಬೇಕು. ಜೋಶಿ ಸಾಹೇಬರಿಗೆ ಫೋನು ಮಾಡಿ ಹೇಳಿದೆ. ಚೆನ್ನಾಗಿ ನೋಡಿ ಮ್ಯಾಡಂ, ವೀಕ್ ಇರಲೇಬೇಕು ಎಂದರು. ಮದುಮಗನಿಗೆ ಕುಂಟು ಇರಲೇಬೇಕು ಎಂದು ಹಟ ಹಿಡಿದ ಮಾವನ ಹಾಗೆ.

ಮುಂದೆ ವೆಬ್ ಅಂಗಿಯ ಜೇಬುಗಳನ್ನು ತಡಕಿದೆ. ಪ್ರತಿ ಪುಟದ ತಲೆಯ ಮೇಲೂ ದೋಣಿಯ ದೊಡ್ಡ ಚಿತ್ರವೊಂದಿತ್ತು, ಬಟನ್ ಒತ್ತಿದಾಗಲೆಲ್ಲ ಅದು ಬೆರ್ಗೆನ್ನಿನಿಂದ ಮತ್ತೆ ಹೊರಟು ಬರುತ್ತಿತ್ತು. ತೆಗೆದುಹಾಕಿದೆ. ಗಿರಾಕಿಯ ಹೆಸರು ಆರಿಸಲು ಹೋದರೆ ಕಂಪೆನಿ ಹುಟ್ಟಿದಂದಿನಿಂದ ಮೀನು ಕೊಂಡವರೆಲ್ಲ, ಸತ್ತು ಸ್ವರ್ಗ ಸೇರಿದವರೂ ಸೇರಿ, ಸಾಲಾಗಿ ಇಳಿದು ಬರುತ್ತಿದ್ದರು. ಬದುಕಿರುವವರನ್ನು ಮಾತ್ರ ಉಳಿಸಿದೆ. ಪುಟ ಚುರುಕಾಯಿತು. ಇಂಗರ್ ಚಪ್ಪಾಳೆ ತಟ್ಟಿದಳು. ಮರುದಿನ ಬೆಳಿಗ್ಗೆ ದೋಣಿ ಬಂದ ಹೊತ್ತಿಗೆ ಸರಿಯಾಗಿ ಗಡಿಯಾರವೂ ಬಂದು ಕೂತಿತು, ನೀನು ಎಲ್ಲಿಗೆ ಹೋಗಿದ್ದೆ ಎಂದು ನನ್ನನ್ನೇ ಕೇಳುವ ಹಾಗೆ.

ಉಳಿದದ್ದು ಬಾಗಿಲು. ಮುದುಕ ಪ್ರೋಗ್ರಾಮಿನ ಒಳಕ್ಕೆ ಹೋಗಲು ವೆಬ್ಬಿನ ಕಡೆಯಿಂದ ಇರುವ ಬಾಗಿಲುಗಳು ಎಣಿಸಿ ಇಟ್ಟಷ್ಟೇ. ಎಲ್ಲದರಲ್ಲೂ ಒಬ್ಬೊಬ್ಬರು ನಿಂತಿದ್ದರೆ ಮುಂದಿನವರು ಹೊರಗೆ ಕಾಯಬೇಕು. ನೋಡಿದರೆ ಬೆಳಗ್ಗೆಯೆಲ್ಲ ಬಾಗಿಲು ಭರ್ತಿ, ಹೆಸರು ಕಾಣದಿದ್ದರೂ ಎಲ್ಲವೂ ಐರೋಲಿಯಿಂದಲೇ. ಪಾಪ, ನಮ್ಮ ಹುಡುಗಿಯರಿಗೆ ಎಷ್ಟೊಂದು ಕೆಲಸ ಎಂದು ಹೆಮ್ಮೆಯಾಯಿತು ನನಗೆ. ಬಾಗಿಲು ಹೆಚ್ಚಿಸಿ ಎಂದರೆ ಮುದುಕನಿಗೆ ಇದಕ್ಕಿಂತ ಹೆಚ್ಚು ತಾಳುವ ಶಕ್ತಿಯಿಲ್ಲ ಎಂದರು ಬೆರ್ಗೆನ್ನಿನವರು. ಅಲ್ಲಿಗೆ ನನ್ನ ವಿದ್ಯೆಯೆಲ್ಲ ಮುಗಿಯಿತು.

ಬಂಗುಡೆ

ಇಷ್ಟು ದಿನವೂ ನನಗೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕ್ಯಾರೆಟ್, ಮತ್ತು ಬೆಲ್ಲವೆಂದು ನಾನು ಮೋಸ ಹೋಗಿ ಕಚ್ಚಿದ ಕಂದು ಬಣ್ಣದ ಚೀಸು. ಇಂಗರ್‌ಳ ಮನೆಯಲ್ಲೇ ನನ್ನ ವಸತಿ. ಅವಳು ಮೀನು ತಿನ್ನುವಾಗ ತಟ್ಟೆ ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಿದ್ದಳು, ಕಳ್ಳಬೆಕ್ಕಿನ ಹಾಗೆ. ಬಂದು ಬಾಯಿ ತೊಳೆದುಕೊಂಡೇ ನನ್ನ ಎದುರು ಕೂರುತ್ತಿದ್ದಳು. ಯಾಕೆಂದು ಒಂದು ಸಂಜೆ ತಡೆಯಲಾರದೆ ಕೇಳಿದೆ. ಐರೋಲಿಯಿಂದ ಬಂದ ಪತ್ರದಲ್ಲಿ ಕಟ್ಟಾ ಶಾಕಾಹಾರಿ, ಮೀನಿನ ವಾಸನೆಯೂ ಆಗದು ಎಂದು ಬರೆದಿತ್ತಂತೆ. ಬರೆದವರು ನಮ್ಮ ಸಾಹೇಬರು. ಅವರು ತಮ್ಮ ಹೊಟ್ಟೆಯನ್ನೇ ಇಡೀ ಆಫೀಸಿನ ಹೊಟ್ಟೆ ಎಂದುಕೊಂಡವರು.

“ಇಂಗರ್, ನಾನು ಹುಟ್ಟಿದ್ದೇ ಮೀನಿನ ವಾಸನೆಯಲ್ಲಿ” ಎಂದೆ.

ಇಂಗರ್ ಎಳೆದ ಉಸಿರು ಈ ಸಲ ಹೌದಿನದ್ದಾಗಿರಲಿಲ್ಲ. ಆಮೇಲೆ ನಕ್ಕಳು ನೋಡಿ, ಕುರ್ಚಿ ಹಿಡಿದುಕೊಂಡು ನಕ್ಕಳು. ಆರ್ನೆ ಗಾಳ ಹಾಕಿ ತಂದ ಬಂಗುಡೆಗಳಿದ್ದವು. ನಮ್ಮ ಬಂಗುಡೆಯ ಅಣ್ಣನಂತೆ ಕೊಬ್ಬಿದ್ದವು, ಬೆನ್ನ ಮೇಲೆ ಹುಲಿಪಟ್ಟೆ ಬೇರೆ. ಅವನನ್ನೂ ಊಟಕ್ಕೆ ಕರೆದು, ನಾನು ಮೆಣಸಿನ ಹುಡಿಯ ಪೊಟ್ಟಣ ಬಿಚ್ಚಿದೆ. ಇಂಗರ್ ಮತ್ತು ಆರ್ನೆ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ಹಾ ಹಾ ಎನ್ನುತ್ತಾ ತಿಂದರು. ಅದು ಹೌದೋ ಖಾರವೋ ನಾನು ವಿಚಾರಿಸಲು ಹೋಗಲಿಲ್ಲ. ಅಂಥ ರುಚಿಯಾದ ಊಟ ಮಾಡಿ, ಇವಳ ಕೆಲಸ ತೆಗೆಯುವ ಕಾಗದಕ್ಕೆ ಸಹಿ ಹಾಕಲು ಬಂದವಳು ನಾನು ಎಂದು ನೆನಪಾಗಿ, ಕೊನೆಯ ಬಂಗುಡೆಯನ್ನು ಅವಳ ತಟ್ಟೆಗೇ ಹಾಕಿದೆ.

ಗಾಡಿ ಬಂದ್

ಮರುದಿನ ಬೆಳಿಗ್ಗೆ ದೋಣಿ ಬಂತು. ಇಂಗರ್ ಬಟನ್ ಒತ್ತಿ, ಹೆಣಿಗೆಗೆ ಕೈ ಹಾಕಿದಳು. ಸೂಜಿ ಸಿಗುವ ಮೊದಲೇ ಪುಟ ಬಂದಿತ್ತು. ಇನ್ನೊಂದು ಒತ್ತಿದಳು, ಬಂತು. ಕಾಗದಗಳು ಒಂದರ ಹಿಂದೆ ಒಂದು ಹೊರಬಿದ್ದವು. ಆರ್ನೆ ಫೆರಿಗಿಂತ ಮೊದಲೇ ಹೋಗಿ ಫೆರಿಗೆ ಕಾಯುತ್ತಾ ನಿಂತ.

“ಏನು ಮಾಡಿದಿರಿ?” ಎಂದಳು ಇಂಗರ್.

ಏನೂ ಮಾಡಿರಲಿಲ್ಲ. ಬಾಗಿಲುಗಳನ್ನು ನೋಡಿದರೆ ಭಣಭಣ. ಇದೇನು ಮಾಯೆ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಗಂಡನ ಫೋನು ಬಂತು.

“ಇಲ್ಲಿ ಎಂತಾ ಮಳೆ ಗೊತ್ತುಂಟಾ ನಿಂಗೆ? ಹಳಿ ಮೇಲೆ ನೀರು. ಕಲ್ಯಾಣದಿಂದ ಠಾಣೆವರೆಗೆ ಗಾಡಿ ಪೂರಾ ಬಂದ್. ಡೊಂಬಿವಲಿಯಿಂದ ಒಂದು ನರಪಿಳ್ಳೆ ಆಫೀಸಿಗೆ ಹೋಗ್ಲಿಲ್ಲ” ಎಂದರು. ಹಿಂದಿನಿಂದ ಮಗಳು “ಮಮ್ಮೀ, ಸ್ಕೂಲ್ ಕೋ ಛುಟ್ಟೀ!” ಎಂದು ಕುಣಿಯುವುದು ಕೇಳಿಸಿತು.

ಡೊಂಬಿವಲಿಯ ಗಾಡಿ ನಿಂತರೆ ನಾರ್ವೆಯ ಕಂಪ್ಯೂಟರು ಓಡುತ್ತದೆ! ದ್ವೀಪದಲ್ಲಿ ಮಧ್ಯಾಹ್ನ ಕಳೆದರೆ ಐರೋಲಿಯಲ್ಲಿ ಸಂಜೆ, ನಮ್ಮ ಹುಡುಗಿಯರು ಮನೆಯ ಗಾಡಿ ಹಿಡಿಯುವ ಹೊತ್ತು; ಅದು ಮಧ್ಯಾಹ್ನದ ನಂತರ ಓಡುತ್ತಿದ್ದುದೂ ಅದಕ್ಕೇ. ಕುರ್ಚಿಯಲ್ಲಿ ಕೂತಿದ್ದವಳು ಎದ್ದು ನಿಂತೆ. ಮಾರನೆಯ ದಿನ ನೀರು ಇಳಿಯಿತು, ಗಾಡಿ ಹೊರಟಿತು, ದ್ವೀಪದಲ್ಲಿ ಗಡಿಯಾರ ಮರಳಿ ಬಂತು. ಐರೋಲಿಗೆ ಫೋನು ಹಚ್ಚಿದೆ. ಎತ್ತಿದವಳು ಸುಜಾತಾ. ಧಾರವಾಡದ ಕಡೆಯ ಹುಡುಗಿ, ಬಿಲ್ಲು ತುಂಬುವವಳು, ಡೊಂಬಿವಲಿ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ನಮ್ಮ ಗುಂಪಿನವಳು. ಎಲ್ಲರಿಗಿಂತ ಮೊದಲು ಗಾಡಿಗೆ ಹಾರಿ, ಕರ್ಚೀಫು, ಛತ್ರಿ, ಊಟದ ಚೀಲ ಎಲ್ಲವನ್ನೂ ಹರಡಿ ಉಳಿದವರಿಗೆ ಜಾಗ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

“ಸುಜಾತಾ, ಈಗ ಎಷ್ಟು ಜನ ಕೆಲಸ ಮಾಡ್ತಾ ಇದ್ದೀರಿ?”

“ಈಗ ನಾ ಒಬ್ಬಾಕಿನ ಬಂದೀನಿ ಅಕ್ಕಾ. ಉಳದಾವ್ರ ಗಾಡಿ ಲೇಟ್ ಅದ.”

“ಮತ್ತೆ ಅಷ್ಟೂ ಬಾಗಿಲು ಭರ್ತಿ ಆಗಿದೆಯಲ್ಲೇ!”

“ನಾನ ಹಿಡದ್ ಇಟ್ಟೀನಿ” ಎಂದಳು, ಹೊಗಳಿಕೆ ಬರುತ್ತದೆಂದು ಕಾಯುವ ದನಿಯಲ್ಲಿ. “ತಡಾ ಆತಂದ್ರ ಒಳಗ ಹೋಗೂದ ಆಗೂದಿಲ್ಲ. ಅದಕ್ಕ ಮದ್ಲ ಬಂದಾಕಿ ನಮ್ಮ ಗಾಡಿ ಮಂದಿದೆಲ್ಲಾ ತಗದ್ ಇಡ್ತೀನಿ. ಒಬ್ಬೊಬ್ಬರಿಗೆ ಎರಡೆರಡು, ಒಂದು ಕೈಕೊಟ್ರ ಇನ್ನೊಂದು ಇರ್ಲಿ ಅಂತ. ಸುಮ್ನ ಬಿಟ್ರ ಹೊರಗ ಹಾಕ್ತದ, ಅದಕ್ಕ ಆಗಾಗ ಎಲ್ಲಾದ್ರಾಗೂ ಒಂದೊಂದು ಬಟನ್ ಒತ್ತಿ ಬರ್ತೀನಿ.”

ಅವಳು ಇನ್ನೂ ಪ್ರೀತಿಯಿಂದ ಹೇಳಿದಳು: “ನಿಂದೂ ಎರಡು ಹಿಡದೀನಿ ಅಕ್ಕಾ. ಹೋಗುಮುಂದ ಪಾಸ್‌ವರ್ಡ್ ಕೊಟ್ಟಿದ್ದಿಯಲ್ಲಾ. ಊರಾಗಿಲ್ಲಂತ ನಿನ್ನ ಜಾಗಾ ಬಿಡಾಕ ಆಗ್ತದೇನು?”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಏಳು ಸಮುದ್ರ ದಾಟಿ ಹುಡುಕಿದ್ದೆ. ಇಂಗರ್ ಹೊರಗೆ ಕಾಯುತ್ತಿದ್ದ ಬಾಗಿಲಲ್ಲಿ ಅಡ್ಡ ನಿಂತವರಲ್ಲಿ ನಾನೂ ಒಬ್ಬಳು, ಅದೂ ಎರಡೆರಡು ಸಲ!

“ಎಲ್ಲ ಮುಚ್ಚು” ಎಂದೆ.

“ಅಯ್ಯ, ಬಿಟ್ರ ಬ್ಯಾರೇದಾವ್ರು ಬಂದ್ ಕೂಡ್ತಾರಲ್ಲ!”

“ಕೂರಲಿ. ಇಲ್ಲಿ ಒಬ್ಬಳು ತಿಂಗಳುಗಟ್ಟಲೆ ಜಾಗ ಸಿಗದೆ ನಿಂತಿದ್ದಾಳೆ. ಇಂಗರ್ ಅಂತ. ನಿನ್ನಮ್ಮನ ವಯಸ್ಸು.”

“ಹೆಣ್ಮಗಳೇನು?” ಎಂದಳು ಸುಜಾತಾ. “ಮದ್ಲ ಹೇಳಬಾರ್ದೇನಕ್ಕಾ?”

ಅವಳು ಅಲ್ಲಿ ಒಂದೊಂದೇ ಮುಚ್ಚುತ್ತಾ ಬಂದಳು. ಇಲ್ಲಿ ಮರಳು ಗಡಿಯಾರ ಒಮ್ಮೆ ನಡುಗಿ ಮಾಯವಾಯಿತು. ಇಂಗರ್ ಕಾಗದ ಹಿಡಿದುಕೊಂಡು ಕಾಲುಚೀಲದಲ್ಲೇ ಧಕ್ಕೆಗೆ ಓಡಿದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಸ್ಪೀಕರ್ ಫೋನು

ಹೊರಡುವ ಹಿಂದಿನ ದಿನ ಫೋನಿನಲ್ಲಿ ಸಭೆ. ಬೆರ್ಗೆನ್ನಿನ ದೊಡ್ಡವರು ಒಂದು ಕಡೆ, ಐರೋಲಿಯಿಂದ ಜೋಶಿ ಸಾಹೇಬರು ಇನ್ನೊಂದು ಕಡೆ, ಧಕ್ಕೆಯ ಕೋಣೆಯಲ್ಲಿ ನಾನು ಮತ್ತು ಇಂಗರ್. ಸಾಹೇಬರಿಗೆ ನಾನು ಎಲ್ಲವನ್ನೂ ಮೊದಲೇ ತಿಳಿಸಿದ್ದೆ. ಹುಡುಗಿಯರಿಗೆ ನಾನು ಹೇಳಿಕೊಳ್ಳುತ್ತೇನೆ, ನೀವು ಲೈನಿನದೇ ತಪ್ಪು ಎನ್ನಿ ಎಂದಿದ್ದರು.

ಸಭೆಯಲ್ಲೂ ಅವರೇ ಮೊದಲು ಶುರು ಮಾಡಿದರು. ದ್ವೀಪ ಎಂದರೆ ದ್ವೀಪವೇ ಅಲ್ಲವೇ, ಸಮುದ್ರ, ಗಾಳಿ, ದೂರ, ಎಂದು ಹವಾಮಾನ ವರದಿಯನ್ನೇ ಓದಿದರು. ದೊಡ್ಡವರು ಕೇಳಿದರು: “ಅಲ್ಲಿರುವವರು ಮ್ಯಾಡಂ. ಅವರು ಹೇಳಲಿ. ತಪ್ಪು ಲೈನಿನದೋ?”

ಇಂಗರ್ ನನ್ನನ್ನು ನೋಡಲಿಲ್ಲ. ಮಡಿಲಲ್ಲಿ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೇಲಿನವಳ ಪಟ್ಟ ಯಾರಿಗೆ ಬೇಡ?

“ಲೈನು ಗಟ್ಟಿಯಾಗಿದೆ” ಎಂದೆ. “ಜಾಗ ಹಿಡಿದು ಕೂತವರು ನಾವು. ಕೆಲಸವಿಲ್ಲದಾಗಲೂ ಐರೋಲಿಯಿಂದ ಅಷ್ಟೂ ಬಾಗಿಲು ಹಿಡಿದಿಟ್ಟಿದ್ದೆವು. ನನ್ನದೂ ಸೇರಿ. ಬಿಟ್ಟ ದಿನದಿಂದ ಇಲ್ಲಿಯ ಲಾರಿ ಒಂದು ಫೆರಿಯನ್ನೂ ತಪ್ಪಿಸಿಕೊಂಡಿಲ್ಲ.”

ದೊಡ್ಡವರು ಏನನ್ನೋ ಅಲ್ಲಿಯ ಭಾಷೆಯಲ್ಲಿ ಇಂಗರ್‌ಗೆ ಕೇಳಿದರು. ಇಂಗರ್ ಬಾಯಿ ತೆರೆದು, ಧಕ್ಕೆಯ ಗಾಳಿಯನ್ನೆಲ್ಲ ಒಳಗೆಳೆದುಕೊಳ್ಳುವಂತೆ ಒಂದು ದೊಡ್ಡ ಹೌದು ಹೇಳಿದಳು. ಹಾಗಾದರೆ ಕಚೇರಿ ಇದ್ದಲ್ಲೇ ಇರಲಿ ಎಂದು ದೊಡ್ಡವರು ಮಾತು ಮುಗಿಸಿ ಫೋನಿಟ್ಟರು.

ಐರೋಲಿಯ ಫೋನು ಇನ್ನೂ ಇಟ್ಟಿರಲಿಲ್ಲ. ಅದರಿಂದ ಜೋಶಿ ಸಾಹೇಬರ ದನಿ ಬಂತು, ತೀರಾ ಮೆಲ್ಲಗೆ: “ಘರೀ ಯಾ ಮ್ಯಾಡಂ. ಮಗ್ ಬಘತೋ.” ಮನೆಗೆ ಬನ್ನಿ, ಆಮೇಲೆ ನೋಡಿಕೊಳ್ಳುತ್ತೇನೆ.

“ಏನೆಂದರು?” ಇಂಗರ್ ಕಣ್ಣು ಒರೆಸಿಕೊಳ್ಳುತ್ತಾ ಕೇಳಿದಳು.

“ಬೇಗ ಮನೆಗೆ ಬನ್ನಿ ಎಂದರು. ನನಗೋಸ್ಕರ ಕಾಯುತ್ತಿದ್ದಾರೆ.”

“ಎಂಥ ಒಳ್ಳೆಯ ಮನುಷ್ಯ!” ಎಂದಳು. ಸುಮ್ಮನೆ ಹೇಳಿ ಬಿಡಲಿಲ್ಲ. ಆ ಒಳ್ಳೆಯ ಮನುಷ್ಯನಿಗೆ ಕೊಡಿ ಎಂದು ಮರದ ಹಲಗೆಯಂಥ ಎರಡು ಒಣಮೀನುಗಳನ್ನು, ತಲೆ ಬಾಲ ಸಮೇತ, ಕಾಗದದಲ್ಲಿ ಸುತ್ತಿ, ಕೆಂಪು ರಿಬ್ಬನ್ ಕಟ್ಟಿ ಕೊಟ್ಟಳು. ಸಂಕಷ್ಟಿಯ ದಿನ ಈರುಳ್ಳಿಯ ಹೆಸರನ್ನೂ ಎತ್ತದ ಜೋಶಿ ಸಾಹೇಬರಿಗೆ! ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಸೋಮವಾರ ಐರೋಲಿಯಲ್ಲಿ ಸಾಹೇಬರು ಕ್ಯಾಬಿನ್ನಿಗೆ ಕರೆಸಿದರು. ಬಾಗಿಲು ಹಾಕಿ ಎಂದರು. ಹಾಕಿದೆ. ಅವರು ಬಾಯಿ ತೆರೆಯುವ ಮೊದಲು ಪೊಟ್ಟಣವನ್ನು ಅವರ ಮುಂದಿಟ್ಟು, ದ್ವೀಪದವರು ನಿಮ್ಮನ್ನು ತುಂಬ ನೆನೆಸಿಕೊಂಡರು ಸರ್, ಎಂದು ರಿಬ್ಬನ್ ಎಳೆದೆ.